ವೆಂಡೆಲ್‌ನ ಹಳೇ ವಾಲ್ವುಗಳು

"ಐದಕ್ಕೆ ಐದೂ ಸತ್ತಿವೆ ಕಣಮ್ಮ, ಬೇರೆ ಕೊಡು," ಎನ್ನುತ್ತ ವೆಂಡೆಲ್ ಕರವಸ್ತ್ರದ ಗಂಟು ಬಿಚ್ಚಿ, ತನ್ನ ಆಂಪ್ಲಿಫೈಯರಿನ ಗಾಜಿನ ವಾಲ್ವುಗಳನ್ನು ರಿಪೇರಿ ಅಂಗಡಿಯ ಡಾರ್ಲಾಳ ಮುಂದೆ ಸಾಲಾಗಿ ನಿಲ್ಲಿಸಿದ. ಮೆಂಫಿಸ್‌ನ ಚರ್ಚೊಂದರಲ್ಲಿ ಭಾನುವಾರ ತಪ್ಪದೆ ಗಿಟಾರ್ ನುಡಿಸುವ ಮುದುಕ ಅವನು. ಈಚೆಗೆ, ದನಿಯ ಚೂಪು ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಕೊನೆಮುಟ್ಟ ತಿರುಗಿಸಿದರೂ ತಂತಿಗಳ ದನಿ ಮಂಕಾಗಿಯೇ ಕೇಳುತ್ತಿತ್ತು.

"ನಮ್ಮ ಮದುವೆಗಿಂತ ಹಳೇವು ಇವು," ಎಂದ.

"ನನಗಿಂತ ಚೆನ್ನಾಗಿ ನೋಡ್ಕೊಂಡಿದಾನೆ," ಎಂದಳು ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಅರ್ನೆಸ್ಟೀನ್.

ಡಾರ್ಲಾ ಒಂದೊಂದನ್ನೇ ಟೆಸ್ಟರ್ ಪೆಟ್ಟಿಗೆಗೆ ಸಿಕ್ಕಿಸಿದಳು. ಪ್ರತಿ ಸಲವೂ ಮುಳ್ಳು ಹೋಗಿ, 'ಸರಿಯಿದೆ' ಎನ್ನುವ ಹಸಿರು ಪಟ್ಟಿಯಲ್ಲೇ ನಿಂತಿತು.

"ನಿನ್ನ ಪೆಟ್ಟಿಗೇನೇ ಕೆಟ್ಟಿದೆ."

"ಅದಕ್ಕೂ ವಯಸ್ಸಾಗಿದೆ ಯಜಮಾನ್ರೇ. ಆದ್ರೆ ನಿಮ್ಮಷ್ಟು ಹಟ ಇಲ್ಲ. ಇರಿ, ತಟ್ಟಿ ನೋಡೋಣ. ಒಳಗೆ ಏನಾದ್ರೂ ಸಡಿಲ ಆಗಿದ್ರೆ ಸ್ಪೀಕರಲ್ಲಿ ಕೂಗುತ್ತೆ."

ವಾಲ್ವುಗಳನ್ನು ಅಂಗಡಿಯಲ್ಲಿದ್ದ ಅಂಥದ್ದೇ ಒಂದು ಆಂಪ್ಲಿಫೈಯರಿಗೆ ಹಾಕಿ ದನಿ ಏರಿಸಿ ಪೆನ್ಸಿಲ್ ಹಿಡಿದಳು. ವೆಂಡೆಲ್ ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತ. ಮೊದಲನೆಯದು 'ದಬ್' ಎಂದಿತು. "ಇದು ಸರಿಯಿದೆ," ಎಂದು ತಲೆಯಾಡಿಸಿದ. ಎರಡನೆಯದಕ್ಕೆ ಪೆನ್ಸಿಲ್ ತಾಗಿದ್ದೇ ತಡ, 'ಟಿಣ್' ಎಂದು ಸೂಜಿಯಂಥ ಕೀಚಲು ದನಿ ಅಂಗಡಿಯನ್ನೆಲ್ಲ ಇರಿಯಿತು. ಅರ್ನೆಸ್ಟೀನ್ ಎರಡೂ ಕಿವಿ ಮುಚ್ಚಿಕೊಂಡಳು.

"ಹೂಂ, ಮುಂದಿನದು ತಟ್ಟಮ್ಮ," ಎಂದ ವೆಂಡೆಲ್. "ಯಾಕೆ ಸುಮ್ನಾದೆ?"

ಡಾರ್ಲಾ ಮತ್ತೆ ಅದನ್ನೇ ತಟ್ಟಿದಳು. ಮತ್ತೆ ಅದೇ ಕಿರುಚು. ವೆಂಡೆಲ್ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ. ಹೆಂಗಸರಿಬ್ಬರಿಗೂ ನಗು ಬರಲಿಲ್ಲ.

ಕಣ್ಣು ತೆರೆದಾಗ ಅವನಿಗೆ ಮೊದಲು ಕಂಡದ್ದು ಹೆಂಡತಿಯ ಕಿವಿಯ ಮೇಲಿದ್ದ ಕೈಗಳು. ಆಮೇಲೆ ವಾಲ್ವಿನ ಮೇಲಿದ್ದ ಪೆನ್ಸಿಲ್.

"ತಟ್ಟಿಯಾಯ್ತಾ?"

"ಎರಡು ಸಲ," ಎಂದಳು ಡಾರ್ಲಾ ಮೆಲ್ಲಗೆ.

ಅವನಿಗೆ ಅದು ಕೇಳಿಸಿತೋ ಇಲ್ಲವೋ, ಅರ್ಥವಂತೂ ಆಯಿತು. ಟೋಪಿ ತೆಗೆದು ಅದರ ಅಂಚನ್ನು ಸುಮ್ಮನೆ ಸವರುತ್ತ ನಿಂತ. ಕೊನೆಗೆ ತಾನೇ ಸಣ್ಣಗೆ ನಕ್ಕುಬಿಟ್ಟ.

"ನಾನು ನುಡಿಸುವಾಗ ಮುಂದಿನ ಬೆಂಚಿನವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿರ್ತಿದ್ರಲ್ಲೇ... ಭಕ್ತಿ ಅಂದ್ಕೊಂಡಿದ್ದೆ ನಾನು."

ಅರ್ನೆಸ್ಟೀನ್ ಎದ್ದು ಬಂದು ಅವನ ಕಾಲರ್ ಸರಿಮಾಡಿದಳು. ಕಿವಿಯ ಹತ್ತಿರ ಬಾಯಿಟ್ಟು, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಸ್ವಲ್ಪ ಭಕ್ತಿನೂ ಇತ್ತು ಬಿಡು."