ಕಡ್ಡಿಯ ಮೇಲಿನ ಪೊರೆ

ಯಂತ್ರದ ಮೇಲೆ ಕೆಂಪು ಅಂಕಿ ಮೂಡಿದ ಕೂಡಲೇ ಡೇರಿಯ ಶಿದ್ರಾಯ ಬಾಳಾಬಾಯಿಯ ಹಾಲನ್ನು ಪಕ್ಕಕ್ಕೆ ಸರಿಸಿ, ಕರಿಹಲಗೆಯಲ್ಲಿ ಅವಳ ಹೆಸರಿನ ಮುಂದೆ ಮೂರನೆಯ ತಪ್ಪುಗುರುತು ಎಳೆದ.

“ಮೂರ ಸಲ ನೀರ ಕೂಡಿಸಿದಾಂಗ ಆತು, ಬಾಳಾಬಾಯಿ. ನಾಳಿಂದ ಬರಬ್ಯಾಡ. ಮಷೀನ ಸುಳ್ಳ ಹೇಳೂದಿಲ್ಲ.”

ಮಗಳು ಕಾಂಚನಳ ಮೈ ಉರಿದುಹೋಯಿತು. ದೀಪಾವಳಿಯ ರಜೆಗೆ ಕೊಲ್ಹಾಪುರದಿಂದ ಬಂದಿದ್ದ ಅವಳೇ ಅಂದು ಎಮ್ಮೆ ಹಿಂಡಿದ್ದಳು. ಒಂದು ಹನಿ ನೀರೂ ಬಿದ್ದಿರಲಿಲ್ಲ. ಅವ್ವ ಮಾತ್ರ, ಇಪ್ಪತ್ತು ವರ್ಷ ಹಾಲು ಮಾರಿದ ಹೆಂಗಸು, ಕಳ್ಳಿಯೆಂದು ಒಪ್ಪಿಕೊಂಡವಳಂತೆ ತಲೆ ತಗ್ಗಿಸಿ ನಿಂತಿದ್ದಳು.

ಯಂತ್ರವೆಂದರೆ ಹಾಲಿನೊಳಗೆ ಇಳಿಯುವ ಎರಡು ಉಕ್ಕಿನ ಕಡ್ಡಿಗಳು. ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿಯಬೇಕು; ಕಡಿಮೆ ಹರಿದರೆ ನೀರು ಬೆರೆತಿದೆಯೆಂದು ಲೆಕ್ಕ. ಕಾಂಚನ ಕಡ್ಡಿಗಳನ್ನು ಬಗ್ಗಿ ನೋಡಿದಳು. ಪ್ರೋಟೀನಿನ ತುಣುಕುಗಳಾದ ಪೆಪ್ಟೈಡುಗಳು ಚಿನ್ನದ ತಗಡಿನ ಮೇಲೆ ತಾವಾಗಿಯೇ ಸಾಲುಗಟ್ಟಿ ಪೊರೆಯಾಗುವುದನ್ನೂ, ಆ ಪೊರೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂಬುದನ್ನೂ ಎರಡು ವರ್ಷದಿಂದ ಅಳೆಯುತ್ತಿದ್ದವಳು ಅವಳು. ‘ನನ್ನ ಮಗಳು ಬಂಗಾರಕ್ಕ ಕೆನಿ ಬರಸ್ತಾಳ’ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು. ಇಲ್ಲಿ ಉಕ್ಕಿಗೂ ಅಂಥದೇ ಮಸುಕು ಪೊರೆ ಬಂದಿತ್ತು.

“ಅಣ್ಣಾರ, ಮೊದಲನೇ ಬಾಟಲಿ ಇನ್ನೊಮ್ಮೆ ಅಳೀರಿ,” ಎಂದಳು.

ಅದು ಡೇರಿಯ ಅಧ್ಯಕ್ಷ ಗುರುಲಿಂಗಪ್ಪನವರ ಮನೆಯ ಹಾಲಿನ ಮಾದರಿ, ಅಂದು ಮೊದಲು ಅಳೆದದ್ದು. ಆಗಲೇ ಪಾಸಾದದ್ದನ್ನು ಮತ್ತೇನು ಅಳೆಯುವುದೆಂದು ಶಿದ್ರಾಯ ಗೊಣಗಿದ. ಅವಳು ಕದಲದಿದ್ದಾಗ ಅಳೆದ. ಅಂಕಿ ಬಾಳಾಬಾಯಿಯದರಷ್ಟೇ ಕೆಳಗಿತ್ತು. ಅವನು ಯಂತ್ರದ ನೆತ್ತಿಗೆ ಎರಡು ಏಟು ಕೊಟ್ಟ, ವಾಯರು ಅಲುಗಾಡಿಸಿದ, ಆರಿಸಿ ಹಚ್ಚಿದ.

“ಮಷೀನ ಕೆಟ್ಟೇತಿ.”

“ನಮ್ಮವ್ವನ ಹಾಲಿಗಿ ಚಲೋ ಇತ್ತು, ಅಧ್ಯಕ್ಷರ ಹಾಲಿಗಿ ಕೆಟ್ಟತೇನ್ರಿ?”

ಕಾಂಚನ ಶಾಲೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು: ಒಬ್ಬೊಬ್ಬರ ಹಾಲಿನಿಂದಲೂ ಕಡ್ಡಿಗೆ ಒಂದಿಷ್ಟು ಅಂಟುತ್ತದೆ, ನಡುನಡುವೆ ತಣ್ಣೀರಲ್ಲಿ ಅದ್ದಿದರೆ ಹೋಗುವುದಿಲ್ಲ, ಡೇರಿ ಮುಚ್ಚುವಾಗ ಬಿಸಿನೀರಲ್ಲಿ ತೊಳೆದರಷ್ಟೇ ಬಿಡುತ್ತದೆ, ಸಾಲು ಮುಗಿಯುವ ಹೊತ್ತಿಗೆ ವಿದ್ಯುತ್ತಿಗೆ ದಾರಿಯೇ ಇರುವುದಿಲ್ಲ, ಊರವರೆಲ್ಲರ ಹಾಲು ಕಟ್ಟಿದ ಪೊರೆಯ ತಪ್ಪು ಕೊನೆಗೆ ನಿಂತವಳ ತಲೆಗೆ ಬರುತ್ತದೆ. ಆ ಕೊನೆಯವಳು ಯಾವಾಗಲೂ ಬಾಳಾಬಾಯಿಯೇ. ಅವಳದು ಬೌದ್ಧರ ವಸ್ತಿ, ಬೌದ್ಧರಾದ ದಲಿತರ ಕೇರಿ. ಆ ಕೇರಿಯ ಹಾಲು ಎಲ್ಲರದೂ ಮುಗಿದ ಮೇಲೆ ಎಂಬ ನಿಯಮ ಡೇರಿಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಮುರಿದವರೂ ಇರಲಿಲ್ಲ.

ಕಾಂಚನ ಎದುರಿನ ಚಹದಂಗಡಿಯ ಒಲೆಯಿಂದ ಬೂದಿ ತಂದು, ಅವ್ವ ದಿನಾಲು ಚರಿಗೆ ತಿಕ್ಕುವಂತೆ ಕಡ್ಡಿಗಳನ್ನು ತಿಕ್ಕಿ ತೊಳೆದಳು. ಮತ್ತೆ ಅಳೆದಾಗ ಬಾಳಾಬಾಯಿಯ ಹಾಲು ಅಧ್ಯಕ್ಷರದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆಯೇ ನಿಂತಿತು. ಶಿದ್ರಾಯ ಮೂರೂ ಗುರುತುಗಳನ್ನು ಅಂಗೈಯಿಂದ ಒರೆಸಿದ. ತಪ್ಪಾತು ಎಂದೂ ಅಂದ.

“ನಾಳಿ ನಮ್ಮವ್ವನ ಹಾಲ ಮೊದಲ ಅಳೀರಿ, ಅಣ್ಣಾರ. ಪಾಳಿ ಯಾರ ಮೊದಲ ಬರ್ತಾರೋ ಅವರದು,” ಎಂದಳು ಕಾಂಚನ. ಅವನು ಬಾಟಲಿಗಳನ್ನು ಎತ್ತಿಡುವುದರಲ್ಲಿ ಮಗ್ನನಾದ.

ಮರುದಿನ ಬಾಗಿಲು ತೆರೆಯುವ ಮೊದಲೇ ತಾಯಿ ಮಗಳು ಕಟ್ಟೆಯ ಮೇಲಿದ್ದರು. ಶಿದ್ರಾಯ ಬೀಗ ತೆಗೆದವನೇ ನಕ್ಕು, ಕೈಚೀಲದಿಂದ ಒಂದು ತೆಂಗಿನ ಕರಟವನ್ನು ಜೋಪಾನವಾಗಿ ತೆಗೆದು ಯಂತ್ರದ ಪಕ್ಕದಲ್ಲಿಟ್ಟ.

“ಇನ್ನ ನಿಮಗ ಚಿಂತಿ ಇಲ್ಲವ್ವಾ. ಎಲ್ಲಾರದೂ ಮುಗದ ನಿಮ್ಮ ಪಾಳಿ ಬಂದ ಕೂಡ್ಲೆ ಕಡ್ಡಿ ತಿಕ್ಕೇ ಅಳಿತೀನಿ.”

ಕಾಂಚನ ಬಾಯಿ ತೆರೆಯುವಷ್ಟರಲ್ಲಿ ಅವ್ವ ಕ್ಯಾನು ಎತ್ತಿಕೊಂಡು ಕಟ್ಟೆಯ ತುದಿಗೆ ಸರಿದಾಗಿತ್ತು. ಕರಟದ ತುಂಬ ಬೂದಿ ಇತ್ತು. ಕಲ್ಲು ಕಸ ಒಂದೂ ಇಲ್ಲದಂತೆ, ಬಟ್ಟೆಯಲ್ಲಿ ಸೋಸಿದ್ದು.