ಬಾವಿಯಿಂದ ದೂರ

"ಕೆರೆದು ಹಾಕೋ ಅವಳನ್ನ!" ಎಂದ ಶ್ರೀಕಂಠಯ್ಯ ಮೇಷ್ಟ್ರು, ಬಣ್ಣ ಕೆರೆಯುವ ಚಾಕುವನ್ನು ಚಿಕ್ಕಮಾದುವಿನ ಕೈಗೆ ಕೊಡದೆ ನೆಲಕ್ಕೆ ಹಾಕಿದರು. ಚಾಮರಾಜಪುರಂನ ಆ ಚಿತ್ರಶಾಲೆಯಲ್ಲಿ ಕೇರಿಯಿಂದ ಬಂದವನಿಗೆ ಬಾಗಿಲ ಹೊರಗಿನ ಜಗಲಿಯೇ ಜಾಗ. ಒಳಗೋಡೆಯ ಮೇಲಿದ್ದ ಹಳ್ಳಿಯ ತೈಲಚಿತ್ರವನ್ನು ಅವನು ಅಲ್ಲಿಂದಲೇ ನೋಡಿ ನಕಲು ಮಾಡಿದ್ದ. ಹೊಂಗೆಮರ, ಬಾವಿಕಟ್ಟೆ, ನೀರು ಸೇದುವ ಹೆಂಗಸರು, ಎಲ್ಲವೂ ಮೂಲದಂತೆಯೇ ಬಂದಿತ್ತು. ಒಬ್ಬಳು ಮಾತ್ರ ಹೆಚ್ಚಾಗಿದ್ದಳು. ಬಾವಿಯಿಂದ ದೂರದಲ್ಲಿ, ನೀಲಿ ಸೀರೆ ಉಟ್ಟು, ಖಾಲಿ ಮಡಕೆ ಹಿಡಿದು ನಿಂತಿದ್ದಳು.

"ಅವ್ಳು ನಮ್ಮವ್ವ, ಬುದ್ಧಿ. ಯಾರಾದ್ರೂ ನೀರು ಉಯ್ತಾರೇನೋ ಅಂತ ಕಾಯ್ತಾ ನಿಂತವ್ಳೆ."

"ಇದ್ದದ್ದನ್ನ ಇದ್ದ ಹಾಗೆ ಬರಿ ಅಂದಿರಲಿಲ್ಲವೇನೋ?"

"ಇದ್ದಂಗೇ ಬರ್ದಿವ್ನಿ, ಬುದ್ಧಿ."

ಒಳಗೆ ಕೂತವರು ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಾಯಿತು. "ದಸರಾ ಪ್ರದರ್ಶನದಲ್ಲಿ ದೊರೆಗಳು ನೋಡೋ ಚಿತ್ರ ಕಣೋ ಇದು! ಕೆರೀತೀಯೋ, ಇಲ್ಲಾ ನಾಳೆಯಿಂದ ಈ ಜಗಲಿಯೂ ಬೇಡವೋ?"

ಹೋದ ಬೇಸಿಗೆಯಲ್ಲಿ ತೀರಿಕೊಂಡ ಅವ್ವನ ಮುಖ ಲೋಕದಲ್ಲಿ ಉಳಿದಿದ್ದುದು ಈ ಚಿತ್ರದ ಬಟ್ಟೆಯ ಮೇಲೆ ಮಾತ್ರ. ಚಿಕ್ಕಮಾದು ಚಾಕು ಎತ್ತಿಕೊಂಡ. ಅವಳು ನೋಡುತ್ತಿರುವಾಗ ಅವಳನ್ನು ಕೆರೆಯಲಾರದೆ, ಮೊದಲು ಮುಖವನ್ನೇ ಕೆರೆದ. ಆಮೇಲೆ ಸೀರೆಗೆ ಬಂದಾಗ ಚಾಕು ಜಾರಿತು. ಇನ್ನೂ ಹಸಿಯಾಗಿದ್ದ ನೀಲಿ ಬಣ್ಣ ಉದ್ದಕ್ಕೆ ಎಳೆದುಕೊಂಡು ಹೋಗಿ ಬಾವಿಕಟ್ಟೆಗೆ ಮೆತ್ತಿಕೊಂಡಿತು.

"ಅಯ್ಯೋ ಮುಂಡೇದೆ, ಬಾವಿ ಕೆಡಿಸಿಬಿಟ್ಟೆಯಲ್ಲೋ!" ಎಂದು ಮೇಷ್ಟ್ರು ಕೂಗಿಕೊಂಡರು.

ಚಿಕ್ಕಮಾದುವಿಗೆ ಅದು ಕೇಳಿಸಲಿಲ್ಲ. ಬದುಕಿದ್ದಾಗ ಒಮ್ಮೆಯೂ ಹತ್ತದ ಕಟ್ಟೆಯ ಮೇಲೆ ಅವ್ವ ನಿಂತಿದ್ದಳು, ಮುಖವಿಲ್ಲದೆ.