ಐದನೆಯ ನಿಂಬೆಹಣ್ಣು

"ದೋಣಿಗೆ ಚಕ್ರ ಎಲ್ಲಿದೆ ಸ್ವಾಮಿ? ಈ ನಿಂಬೆಹಣ್ಣು ಯಾವುದರ ಕೆಳಗಿಡ್ಲಿ?" ಎಂದು ಕೇಳಿದ ಅರ್ಚಕ ರೇವಣಸಿದ್ದಯ್ಯನವರು ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ನಾಲೆಯ ಮೆಟ್ಟಿಲ ಮೇಲೆ ನಿಂತೇಬಿಟ್ಟರು. ಕಾರು, ಟ್ರ್ಯಾಕ್ಟರು, ಒಮ್ಮೆ ಜೆಸಿಬಿಗೂ ಪೂಜೆ ಮಾಡಿದ ಕೈ ಅದು. ದೋಣಿ ಇದೇ ಮೊದಲು.

ದೋಣಿಯ ಯಜಮಾನರು ಅನಂತಕೃಷ್ಣ. ತುಮಕೂರಿನ ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವರು. ಡ್ರೈವಿಂಗ್ ಸ್ಕೂಲನ್ನು ಬೇರೆಯವರಿಗೆ ವಹಿಸಿ, ಈ ಉದ್ದನೆಯ, ಸಪೂರದ, ಡೀಸೆಲ್ ಇಂಜಿನ್ನಿನ ಹಳೇ ದೋಣಿಯನ್ನು ಕೇರಳದಿಂದ ಲಾರಿಯಲ್ಲಿ ತರಿಸಿ, ಒಪ್ಪಿಗೆಗಾಗಿ ಕಚೇರಿ ಕಚೇರಿ ಅಲೆದು, ಗುಬ್ಬಿ ಹತ್ತಿರದ ನಾಲೆಗೆ ಇಳಿಸಿದ್ದರು. ಇಳಿಸಿದ ಮೇಲೆ ಶುರುವಾಯಿತು ಗ್ರಹಚಾರ. ಚುಕ್ಕಾಣಿಯ ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತಿತ್ತು. ಜೀವಮಾನವೆಲ್ಲ ಸ್ಟೇರಿಂಗ್ ತಿರುಗಿಸಿದ ಕೈಗೆ ಇದು ಒಗ್ಗಲೇ ಇಲ್ಲ. ಮೊದಲ ದಿನ ಜೊಂಡಿಗೆ ನುಗ್ಗಿಸಿದರು. ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿ ಗಿರಿಯಮ್ಮನ ಬಕೆಟ್ಟನ್ನು ನೀರುಪಾಲು ಮಾಡಿದರು. ಇನ್ನು ಸೇತುವೆಯ ಕಂಬಕ್ಕಂತೂ ದಿನಾ ಹೋಗಿ ಹಾಜರಿ ಹಾಕಿ ಬರುತ್ತಿದ್ದರು.

ನಿನ್ನೆ ತುಮಕೂರಿನ ಸದಾಶಿವನಗರದ ಮನೆಯಲ್ಲಿ ಹೆಂಡತಿ ವನಜಾಕ್ಷಿ ತೀರ್ಪು ಕೊಟ್ಟಿದ್ದರು. "ಮೊದ್ಲು ಪೂಜೆ ಮಾಡ್ಸಿ. ಆಮೇಲೆ ನಾನೂ ಒಂದ್ಸಲ ಬಂದು ಕೂತ್ಕೋತೀನಿ. ಹೋಗಿ ಬರೋವಷ್ಟರಲ್ಲಿ ದೋಣಿ ಯಾವುದಕ್ಕಾದ್ರೂ ತಗುಲ್ತೋ, ಮಾರ್ಬಿಡಬೇಕು. ಈ ವಯಸ್ಸಲ್ಲಿ ನಿಮ್ಮನ್ನ ನೀರಲ್ಲಿ ಹುಡುಕ್ತಾ ಕೂರೋಕೆ ನನ್ನಿಂದಾಗಲ್ಲ." ಅನಂತಕೃಷ್ಣ ಹೂಂ ಅಂದಿದ್ದರು. ಅಂದಮೇಲೆ ಊಟ ಸೇರಿರಲಿಲ್ಲ. ಆ ದೋಣಿ ಎಂದರೆ ಅವರಿಗೆ ಅಷ್ಟು ಆಸೆ.

ರೇವಣಸಿದ್ದಯ್ಯನವರು ಕೊನೆಗೆ ನಾಲ್ಕೂ ಹಣ್ಣನ್ನು ದೋಣಿಯ ಮುಂದೆ ನೀರಿನಲ್ಲೇ ಬಿಟ್ಟರು. ದೋಣಿ ಮೆಲ್ಲಗೆ ಮುಂದೆ ಬಂತು. ಒಂದೂ ಒಡೆಯಲಿಲ್ಲ. ಪಕ್ಕಕ್ಕೆ ಜಾರಿಕೊಂಡು ಹಾಯಾಗಿ ತೇಲುತ್ತಾ ಹೊರಟವು.

"ಹಣ್ಣು ಒಡೀದೇ ಇದ್ರೆ ಪೂಜೆ ಆದಂಗಾ?" ವನಜಾಕ್ಷಿಗೆ ಸಮಾಧಾನವಿಲ್ಲ.

"ಏನ್ಮಾಡೋದಮ್ಮ, ರಸ್ತೆ ಗಟ್ಟಿ ಇರತ್ತೆ, ನೀರು ಮೆತ್ತಗಿದೆ" ಎಂದ ಅರ್ಚಕರು, ಇನ್ನೊಂದು ಹಣ್ಣನ್ನು ದಾರಕ್ಕೆ ಪೋಣಿಸಿ ದೋಣಿಯ ಮೂತಿಗೆ ಕಟ್ಟಿದರು. "ಇದು ದೃಷ್ಟಿಗೆ ಇರ್ಲಿ. ಹೊರಡಿ."

ನಾಲೆ ನೇರ ಇರುವವರೆಗೆ ಎಲ್ಲ ಚೆನ್ನಾಗಿತ್ತು. ತಿರುವು ಬಂದದ್ದೇ ದೋಣಿ ಎಡದ ದಡದ ಕಡೆ ಮುಖ ಮಾಡಿತು.

"ರೀ, ಬಲಕ್ಕೆ ತಗೊಳ್ಳಿ."

"ಬಲಕ್ಕೇ ತಳ್ತಾ ಇದೀನಿ ಕಣೇ."

"ಅದಕ್ಕೇ ಎಡಕ್ಕೆ ಹೋಗ್ತಿದೆ. ಸರೀರಿ ಆ ಕಡೆ" ಎಂದು ವನಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಎದ್ದು, ಕೋಲನ್ನು ತಾವೇ ಹಿಡಿದು ಎಡಕ್ಕೆ ತಳ್ಳಿದರು. ಮೂತಿ ಹೇಳಿದ ಮಾತು ಕೇಳಿ ಬಲಕ್ಕೆ ತಿರುಗಿತು. ದಡ ಒಂದು ಗೇಣು ದೂರದಲ್ಲಿ ಉಳಿಯಿತು.

"ನಿಂಗೆ ಇದು ಹೆಂಗೆ ಬಂತು?"

"ಮದುವೆ ಆದಾಗಿಂದ ಎಡಕ್ಕೆ ಅಂದ್ರೆ ಬಲಕ್ಕೆ ಹೋಗೋರನ್ನ ನಡೆಸ್ಕೊಂಡು ಬಂದಿದೀನಿ. ಇದೇನು ಮಹಾ."

ಅನಂತಕೃಷ್ಣ ಹಲಗೆಯ ಮೇಲೆ ಕೂತರು. ಊರಿಗೆಲ್ಲ ಕಲಿಸಿದವರು ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಒಮ್ಮೆ ಕಲಿಸಲು ಹೋಗಿ ಕ್ಲಚ್ಚು ಕ್ಲಚ್ಚು ಎಂದು ಕಿರುಚಾಡಿದ್ದಕ್ಕೆ ಆಕೆ ನಡುರಸ್ತೆಯಲ್ಲಿ ಇಳಿದು ಆಟೋ ಹಿಡಿದು ಮನೆಗೆ ಹೋಗಿದ್ದರು. ಈಗ ಅದೇ ವನಜಾಕ್ಷಿ ಸೇತುವೆಯ ಕೆಳಗೆ, ಎರಡು ಕಂಬಗಳ ನಡುವೆ, ಕೂದಲೆಳೆ ಸೋಕದಂತೆ ದೋಣಿಯನ್ನು ದಾಟಿಸಿದರು. ನಾಲೆ ಕೆರೆ ಸೇರುವಲ್ಲಿ ಅಗಲ ನೋಡಿ ತಿರುಗಿಸಿದರು. ಖುಷಿ ಕಾಣಬಾರದೆಂದು ತುಟಿ ಬಿಗಿಹಿಡಿದಿದ್ದರು, ಆದರೆ ಕಣ್ಣು ಕೇಳಬೇಕಲ್ಲ.

ವಾಪಸು ಬರುವಾಗ ಸೇತುವೆ ಹತ್ತಿರವಾಯಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಗಿರಿಯಮ್ಮ ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದಳು.

"ಅಮ್ಮಾರೇ, ನೀವೇ ಓಡಿಸ್ತಿದೀರಾ? ಹಂಗಾರೆ ನನ್ ಬಕೆಟ್ಟಿಗೆ ಭಯ ಇಲ್ಲ ಬುಡಿ."

ವನಜಾಕ್ಷಿಗೆ ಎಲ್ಲಿಲ್ಲದ ಹೆಮ್ಮೆ ಬಂತು. ಕೋಲು ಬಿಟ್ಟು ಎರಡೂ ಕೈ ಎತ್ತಿ ಬೀಸಿದರು. ಅಷ್ಟೇ ಸಾಕಾಯಿತು. ದೋಣಿ ವಾರೆಯಾಗಿ ಹೋಗಿ ಕಂಬಕ್ಕೆ ಮೆತ್ತಗೆ ಒತ್ತಿಕೊಂಡು ನಿಂತಿತು.

ಅನಂತಕೃಷ್ಣ ಹಳೇ ಅಭ್ಯಾಸಕ್ಕೆ ಕಿರುಚಲು ಬಾಯಿ ತೆರೆದರು, ಹೆಂಡತಿಯ ಪೆಚ್ಚು ಮುಖ ನೋಡಿ ಮುಚ್ಚಿದರು. ಇಂಜಿನ್ ಆಫ್ ಮಾಡಿ, ದೋಣಿಯ ಅಂಚನ್ನು ಒಮ್ಮೆ ಸವರಿದರು.

"ಇರ್ಲಿ ಬಿಡು ವನಜಾ. ಮಾತು ಅಂದ್ರೆ ಮಾತು. ಸಾಯಂಕಾಲ ಆ ಕೇರಳದವನಿಗೆ ಫೋನ್ ಮಾಡ್ತೀನಿ."

ವನಜಾಕ್ಷಿ ಮುಂದಕ್ಕೆ ನಡೆದು ಹೋಗಿ ಮೂತಿಯ ಹತ್ತಿರ ಬಗ್ಗಿ ನೋಡಿದರು. ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿದ ಐದನೆಯ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಕಂಬದ ಮೇಲೆ ರಸ ಇಳಿಯುತ್ತಿತ್ತು. ಎರಡು ಬೀಜ ಅಲ್ಲೇ ಅಂಟಿಕೊಂಡಿದ್ದವು. ವನಜಾಕ್ಷಿ ರಸಕ್ಕೆ ಬೆರಳು ಅದ್ದಿ ಕಣ್ಣಿಗೊತ್ತಿಕೊಳ್ಳಲು ಹೋದವರು, ಉರಿಯುತ್ತದೆಂದು ನೆನಪಾಗಿ ಹಣೆಗೆ ಮುಟ್ಟಿಸಿಕೊಂಡರು. ಹಿಂದಕ್ಕೆ ಬಂದು ಮತ್ತೆ ಕೋಲು ಹಿಡಿದು ಕೂತರು.

"ದೋಣಿ ಎಲ್ರೀ ತಗುಲಿದ್ದು? ತಗುಲಿದ್ದು ನಿಂಬೆಹಣ್ಣು. ಪೂಜೆ ಈಗ ಮುಗೀತು, ಸ್ಟಾರ್ಟ್ ಮಾಡಿ."